ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಮೇರೆ ಎಲ್ಲಿದೆ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸಂವಿಧಾನದ ಪಾಠ ಮಾಡುತ್ತಿದ್ದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು, “ಮೂರನೇ ಎರಡರಷ್ಟು ಬಹುಮತವಿದ್ದರೆ ಸಂಸತ್ತು ಏನನ್ನು ಬೇಕಾದರೂ ಬದಲಾಯಿಸಬಹುದಲ್ಲ, ಹಾಗಾದರೆ ನಮ್ಮ ಕನ್ನಡ ಶಾಲೆಯ ಹಕ್ಕನ್ನೂ ಅಳಿಸಿಬಿಡಬಹುದೇ?” ಎಂದು ಕೇಳಿದಳು. ಎಡನೀರು ಮಠದ ಮೊಕದ್ದಮೆಯ ಹೆಸರು ಹೇಳಿ ಸಮಾಧಾನಪಡಿಸಿದೆ. ಆದರೆ ಆ ಮೊಕದ್ದಮೆಯಲ್ಲಿ ಮಠ ಗೆದ್ದಿತೋ ಸೋತಿತೋ ಎಂಬುದೇ ನನಗೆ ಸ್ಪಷ್ಟವಿಲ್ಲ. ತಿದ್ದುಪಡಿಯ ಅಧಿಕಾರಕ್ಕೆ ನಿಜಕ್ಕೂ ಕಾನೂನಿನ ಮಿತಿ ಇದೆಯೇ? ಇದ್ದರೆ ಅದು ನಮ್ಮಂಥ ಗಡಿನಾಡ ಕನ್ನಡಿಗರನ್ನು ಎಷ್ಟರ ಮಟ್ಟಿಗೆ ಕಾಯುತ್ತದೆ?

ಉತ್ತರ: ಮಿತಿ ಇದೆ, ಅದು ಕಾನೂನಿನ ಮಿತಿಯೇ, ಮತ್ತು ಅದನ್ನು ಸ್ಥಾಪಿಸಿದ ತೀರ್ಪಿನ ಶಿರೋನಾಮೆಯಲ್ಲಿರುವ ಹೆಸರು ಚೆರ್ಕಳ–ಬದಿಯಡ್ಕ ರಸ್ತೆಯಲ್ಲಿ ನೀವು ದಿನಾ ಹಾದುಹೋಗುವ ಎಡನೀರಿನ ಮಠಾಧಿಪತಿಗಳಾಗಿದ್ದ ಶ್ರೀ ಕೇಶವಾನಂದ ಭಾರತಿಯವರದ್ದು. ಆದರೆ ಆ ಮಿತಿ ಯಾವುದನ್ನು ಕಾಯುತ್ತದೆ, ಯಾವುದನ್ನು ಕಾಯುವುದಿಲ್ಲ ಎಂಬುದನ್ನು ಬಿಡಿಸಿ ನೋಡದೆ, ‘ಹೆದರಬೇಡಿ, ಕೇಶವಾನಂದ ಭಾರತಿ ತೀರ್ಪಿದೆ’ ಎಂದಷ್ಟೇ ಮಕ್ಕಳಿಗೆ ಹೇಳಿದರೆ ಅರ್ಧ ಮಾತು ಹೇಳಿದಂತಾಗುತ್ತದೆ. ಗಡಿನಾಡಿನವರಾದ ನಮಗೆ ಉಳಿದ ಅರ್ಧವೇ ಹೆಚ್ಚು ಬೇಕಾದದ್ದು.

ಮೊದಲು ‘ಮೂರನೇ ಎರಡರಷ್ಟು’ ಎಂಬ ಮಾತನ್ನು ಸರಿಪಡಿಸಿಕೊಳ್ಳೋಣ. 368ನೇ ವಿಧಿಯ ಪ್ರಕಾರ ಲೋಕಸಭೆ, ರಾಜ್ಯಸಭೆ ಎರಡೂ ಪ್ರತ್ಯೇಕವಾಗಿ ಮಸೂದೆಯನ್ನು ಅಂಗೀಕರಿಸಬೇಕು. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಿದರೆ ಸಾಲದು, ಆ ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮಂದಿಯೂ ಪರವಾಗಿರಬೇಕು. ಒಂದು ಸದನ ಒಪ್ಪದಿದ್ದರೆ ಜಂಟಿ ಅಧಿವೇಶನ ಕರೆದು ದಾಟಿಹೋಗುವ ದಾರಿ ಇಲ್ಲಿಲ್ಲ. ರಾಷ್ಟ್ರಪತಿಯ ಚುನಾವಣೆ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳು, ಕೇಂದ್ರ–ರಾಜ್ಯಗಳ ನಡುವಿನ ಅಧಿಕಾರ ಹಂಚಿಕೆ, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಸ್ವತಃ 368ನೇ ವಿಧಿ, ಇವುಗಳನ್ನು ಮುಟ್ಟುವುದಾದರೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳೂ ಒಪ್ಪಿಗೆ ಕೊಡಬೇಕು. ಇದು ಬರಿಯ ಕಾಗದದ ಶಿಸ್ತು ಎಂದು ತಿಳಿಯಬೇಡಿ. ಸಹಕಾರ ಸಂಘಗಳ ಬಗೆಗಿನ 97ನೇ ತಿದ್ದುಪಡಿಗೆ ರಾಜ್ಯಗಳ ಅನುಮೋದನೆ ಪಡೆದಿರಲಿಲ್ಲ ಎಂಬ ಒಂದೇ ಕಾರಣಕ್ಕೆ, ರಾಜ್ಯದೊಳಗಿನ ಸಹಕಾರ ಸಂಘಗಳಿಗೆ ಸಂಬಂಧಿಸಿದಷ್ಟು ಭಾಗವನ್ನು ಸುಪ್ರೀಂ ಕೋರ್ಟ್ 2021ರ ಜುಲೈ 20ರಂದು ಅಸಿಂಧು ಎಂದಿತು. ವಿಷಯ ಒಳ್ಳೆಯದೋ ಕೆಟ್ಟದ್ದೋ ಎಂದು ನ್ಯಾಯಾಲಯ ಅಲ್ಲಿ ನೋಡಲಿಲ್ಲ, ಬಂದ ದಾರಿ ಸರಿಯಿಲ್ಲ ಎಂದಿತು.

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಇನ್ನೂ ಆಳದ್ದು: ದಾರಿ ಸರಿಯಾಗಿಯೇ ಇದ್ದರೆ, ಎಲ್ಲ ಸಂಖ್ಯೆಗಳೂ ಕೂಡಿಬಂದರೆ, ಆಗ? ಸಂವಿಧಾನದಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ಜರ್ಮನಿಯ ಮೂಲಶಾಸನದ 79ನೇ ವಿಧಿ, ಮನುಷ್ಯ ಘನತೆ, ಪ್ರಜಾಪ್ರಭುತ್ವ, ಒಕ್ಕೂಟ ಪದ್ಧತಿಯಂಥ ತತ್ತ್ವಗಳನ್ನು ಯಾವ ತಿದ್ದುಪಡಿಯೂ ಮುಟ್ಟಕೂಡದೆಂದು ಅಕ್ಷರದಲ್ಲೇ ಹೇಳಿದೆ. ನಮ್ಮದರಲ್ಲಿ ಅಂಥ ವಾಕ್ಯವಿಲ್ಲ. ಹಾಗಾಗಿ 1951ರಲ್ಲಿ ಶಂಕರಿ ಪ್ರಸಾದ್ ಪ್ರಕರಣದಲ್ಲೂ ಆನಂತರ ಸಜ್ಜನ್ ಸಿಂಗ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್, ಸಂಸತ್ತು ಮೂಲಭೂತ ಹಕ್ಕುಗಳನ್ನೂ ತಿದ್ದಬಹುದು ಎಂದಿತು. 1967ರ ಗೋಲಕನಾಥ್ ತೀರ್ಪಿನಲ್ಲಿ ಆರು ಮಂದಿ ನ್ಯಾಯಮೂರ್ತಿಗಳು, ಐವರ ಭಿನ್ನಮತದ ಎದುರು, ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವಂತಿಲ್ಲವೆಂದು ಅದನ್ನು ತಿರುಗಿಸಿದರು. ಸಂಸತ್ತು 1971ರಲ್ಲಿ 24ನೇ ತಿದ್ದುಪಡಿ ತಂದು, ಯಾವ ಭಾಗವನ್ನಾದರೂ ತಿದ್ದುವ ಅಧಿಕಾರ ತನಗಿದೆ ಎಂದು 368ನೇ ವಿಧಿಯಲ್ಲೇ ಬರೆದುಕೊಂಡಿತು. ಹಗ್ಗಜಗ್ಗಾಟ ಈ ಹಂತಕ್ಕೆ ಬಂದಾಗ ಎಡನೀರಿನ ಅರ್ಜಿ ಅದಾಗಲೇ ದೆಹಲಿಯಲ್ಲಿತ್ತು.

ಅರ್ಜಿಯ ಮೂಲ ಭೂಮಿ. ಕೇರಳ ಭೂಸುಧಾರಣಾ ಕಾಯ್ದೆಗೆ 1969ರಲ್ಲಿ ತಂದ ಬದಲಾವಣೆಗಳು 1970ರ ಜನವರಿಯಿಂದ ಜಾರಿಗೆ ಬಂದವು; ಮಠದ ಭೂಮಿಯೂ ಅದರ ಹಿಡಿತಕ್ಕೆ ಬಂತು. ಶ್ರೀ ಕೇಶವಾನಂದ ಭಾರತಿ ಸ್ವಾಮೀಜಿಯವರು 1970ರ ಮಾರ್ಚ್‌ನಲ್ಲಿ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆಸ್ತಿಯ ಹಕ್ಕು, ಸಮಾನತೆ, ಧಾರ್ಮಿಕ ಸಂಸ್ಥೆಯನ್ನು ನಡೆಸುವ ಹಕ್ಕು ಅವರ ಆಧಾರಗಳು. ಅರ್ಜಿ ಬಾಕಿಯಿರುವಾಗಲೇ 29ನೇ ತಿದ್ದುಪಡಿಯ ಮೂಲಕ ಕೇರಳದ 1969 ಮತ್ತು 1971ರ ಎರಡು ಕಾಯ್ದೆಗಳನ್ನು ಒಂಬತ್ತನೇ ಅನುಸೂಚಿಗೆ ಸೇರಿಸಲಾಯಿತು. ಆ ಅನುಸೂಚಿಗೆ ಸೇರಿದ ಕಾಯ್ದೆಯನ್ನು ಮೂಲಭೂತ ಹಕ್ಕಿನ ಉಲ್ಲಂಘನೆಯೆಂದು ಪ್ರಶ್ನಿಸುವಂತಿಲ್ಲ ಎಂಬುದು 1951ರಿಂದ ಇದ್ದ ಏರ್ಪಾಡು. ಹೀಗೆ ಒಂದು ಮಠದ ಭೂಮಿಯ ತಕರಾರು ಸಂಸತ್ತಿನ ಅಧಿಕಾರದ ತಕರಾರಾಗಿ ಬೆಳೆಯಿತು. ಗೋಲಕನಾಥ್ ಪೀಠದಲ್ಲಿ ಹನ್ನೊಂದು ಮಂದಿ ಇದ್ದುದರಿಂದ ಅದನ್ನು ಮರುಪರಿಶೀಲಿಸಲು ಹದಿಮೂವರ ಪೀಠ ಬೇಕಾಯಿತು. 1972ರ ಅಕ್ಟೋಬರ್ 31ರಿಂದ 68 ದಿನ ವಾದ ನಡೆಯಿತು. ಸ್ವಾಮೀಜಿಯವರ ಪರ ನಾನಿ ಪಾಲ್ಖಿವಾಲಾ, ಕೇರಳ ಸರ್ಕಾರದ ಪರ ಎಚ್.ಎಂ. ಸೀರ್ವಾಯಿ. 1973ರ ಏಪ್ರಿಲ್ 24ರಂದು ಹನ್ನೊಂದು ಪ್ರತ್ಯೇಕ ತೀರ್ಪುಗಳು ಹೊರಬಂದವು.

ಈಗ ನಿಮ್ಮ ಪ್ರಶ್ನೆ: ಮಠ ಗೆದ್ದಿತೋ ಸೋತಿತೋ? 24ನೇ ತಿದ್ದುಪಡಿಯನ್ನೂ 29ನೇ ತಿದ್ದುಪಡಿಯನ್ನೂ ನ್ಯಾಯಾಲಯ ಎತ್ತಿಹಿಡಿಯಿತು. ಮಠ ಅರಸಿ ಹೋದ ಪರಿಹಾರ ಮಠಕ್ಕೆ ಸಿಗಲಿಲ್ಲ. ಮೂಲಭೂತ ಹಕ್ಕುಗಳನ್ನು ಮುಟ್ಟುವಂತೆಯೇ ಇಲ್ಲ ಎಂಬ ಗೋಲಕನಾಥ್ ನಿಯಮವೂ ಬಿದ್ದುಹೋಯಿತು. ಗೆದ್ದದ್ದು ಒಂದು ತತ್ತ್ವ. ಏಳು ಮಂದಿ ನ್ಯಾಯಮೂರ್ತಿಗಳು ಆರು ಮಂದಿಯ ಎದುರು ಒಪ್ಪಿದ ಆ ತತ್ತ್ವವೇನೆಂದರೆ, ಸಂಸತ್ತು ಯಾವ ವಿಧಿಯನ್ನು ಬೇಕಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸಂರಚನೆಯನ್ನು ಬದಲಾಯಿಸುವಂತಿಲ್ಲ. ಬಹುಮತದ ಸಾರವನ್ನು ಒಂದು ಹಾಳೆಯಲ್ಲಿ ಬರೆದು ಸಹಿಗೆ ಇಟ್ಟಾಗ ಹದಿಮೂವರಲ್ಲಿ ಒಂಬತ್ತು ಮಂದಿ ಮಾತ್ರ ಸಹಿ ಹಾಕಿದರು. ಬಹುಮತದಲ್ಲಿದ್ದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು ಕಾರ್ಕಳ ತಾಲೂಕಿನ ಕೌಡೂರಿನವರು, ಅಂದರೆ ಆಗ ಕಾಸರಗೋಡನ್ನೂ ಒಳಗೊಂಡಿದ್ದ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯವರೇ. ತೀರ್ಪಿನ ಬೆನ್ನಿಗೇ ಅವರನ್ನೂ ಇನ್ನಿಬ್ಬರನ್ನೂ ಹಿಂದಕ್ಕೆ ಹಾಕಿ, ಅಲ್ಪಮತದಲ್ಲಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಈ ಸಂಗತಿಯನ್ನು ಪಾಠದಲ್ಲಿ ಬಿಡಬೇಡಿ. ಅಧಿಕಾರಕ್ಕೆ ಮೇರೆ ಹಾಕಿದವರು ಅದಕ್ಕೆ ಬೆಲೆ ತೆತ್ತರು ಎಂಬುದು ಮಕ್ಕಳಿಗೆ ತಿಳಿದಿರಬೇಕು.

ಬರೆಯದೆ ಇದ್ದ ಮಿತಿಯನ್ನು ನ್ಯಾಯಾಲಯ ಎಲ್ಲಿಂದ ತಂದಿತು? ಉತ್ತರ ಒಂದು ಪದದ ಅರ್ಥದಲ್ಲಿದೆ, ಮತ್ತು ಅದನ್ನು ವಿವರಿಸಲು ಕನ್ನಡದ ‘ತಿದ್ದು’ ಎಂಬ ಪದಕ್ಕಿಂತ ಒಳ್ಳೆಯದು ನನಗೆ ಹೊಳೆಯುವುದಿಲ್ಲ. ನೀವು ವಿದ್ಯಾರ್ಥಿಯ ಪ್ರಬಂಧದ ಪುಸ್ತಕವನ್ನು ತಿದ್ದುತ್ತೀರಿ. ಕೆಂಪು ಶಾಯಿಯಲ್ಲಿ ಕಾಗುಣಿತ ಸರಿಮಾಡುತ್ತೀರಿ, ಒಂದು ಸಾಲು ಹೊಡೆದುಹಾಕುತ್ತೀರಿ, ಅಂಚಿನಲ್ಲಿ ಒಂದು ವಾಕ್ಯ ಸೇರಿಸುತ್ತೀರಿ. ಕೆಲವೊಮ್ಮೆ ಪುಟ ಪೂರ್ತಿ ಕೆಂಪಾಗುವುದೂ ಉಂಟು. ಆದರೂ ಅದು ಆ ಮಗುವಿನ ಪ್ರಬಂಧವೇ. ಆ ಹಾಳೆಗಳನ್ನು ಹರಿದುಹಾಕಿ ನೀವೇ ಬೇರೊಂದು ಪ್ರಬಂಧ ಬರೆದಿಟ್ಟರೆ, ನಿಮ್ಮ ಬರವಣಿಗೆ ಎಷ್ಟೇ ಚೆನ್ನಾಗಿರಲಿ, ‘ತಿದ್ದಿದೆ’ ಎಂದು ಹೇಳಲಾಗದು. ನಿರ್ಣಾಯಕ ಏಳನೆಯ ಮತವಾಗಿದ್ದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ತರ್ಕ ಇದೇ ಜಾಡಿನದು: ತಿದ್ದುಪಡಿ ಎಂದಾಗ ಹಳೆಯ ಸಂವಿಧಾನವು ತನ್ನ ಗುರುತನ್ನು ಕಳೆದುಕೊಳ್ಳದೆ, ಬದಲಾವಣೆಗಳೊಂದಿಗೆ ಉಳಿದುಕೊಳ್ಳುತ್ತದೆ ಎಂದೇ ಅರ್ಥ. ಹಾಗಾಗಿ ನ್ಯಾಯಾಲಯ ಸಂಸತ್ತಿನ ಅಧಿಕಾರವನ್ನು ಕಸಿದುಕೊಂಡಿತು ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಕೊಟ್ಟ ಅಧಿಕಾರವೇ ತಿದ್ದುವುದಕ್ಕಾಗಿ ಇತ್ತು.

ಈ ತರ್ಕ ಎಷ್ಟು ಗಟ್ಟಿ ಎಂಬುದು ಮೂರು ವರ್ಷದೊಳಗೇ ಪರೀಕ್ಷೆಗೆ ಬಂತು. ಅಲಹಾಬಾದ್ ಹೈಕೋರ್ಟ್ 1975ರ ಜೂನ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿದ ಮೇಲೆ, ತುರ್ತು ಪರಿಸ್ಥಿತಿಯ ನಡುವೆ 39ನೇ ತಿದ್ದುಪಡಿ ಬಂತು. ಪ್ರಧಾನಿಯ ಚುನಾವಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ, ಆಗಲೇ ಬಂದಿರುವ ತೀರ್ಪಿಗೂ ಬೆಲೆಯಿಲ್ಲ ಎಂದು ಅದು ಸಾರಿತು. ಬಹುಮತದ ಲೆಕ್ಕದಲ್ಲಿ ಅದರಲ್ಲಿ ಕೊರತೆಯಿರಲಿಲ್ಲ. ಅದನ್ನು ಪರಿಶೀಲಿಸಿದ ಐವರ ಪೀಠದಲ್ಲಿ ನಾಲ್ವರು 1973ರಲ್ಲಿ ಅಲ್ಪಮತದಲ್ಲಿದ್ದವರು. ಆದರೂ ಆ ಪೀಠ 1975ರ ನವೆಂಬರ್ 7ರಂದು, ಹಿಂದಿನ ಬಹುಮತದ ತತ್ತ್ವವನ್ನೇ ಕಾನೂನೆಂದು ಸ್ವೀಕರಿಸಿ, ತಿದ್ದುಪಡಿಯ ಆ ಭಾಗವನ್ನು ರದ್ದುಪಡಿಸಿತು. ಅದೇ ತಿಂಗಳು ಕೇಶವಾನಂದ ತೀರ್ಪನ್ನೇ ಮರುಪರಿಶೀಲಿಸಲು ಕೂಡಿಸಿದ್ದ ಇನ್ನೊಂದು ಹದಿಮೂವರ ಪೀಠ ಎರಡೇ ದಿನ ವಾದ ಕೇಳಿ ವಿಸರ್ಜನೆಯಾಯಿತು.

1976ರ 42ನೇ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಸಂಸತ್ತಿನ ತಿದ್ದುಪಡಿಯ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ, ಯಾವ ನ್ಯಾಯಾಲಯವೂ ಕೇಳುವಂತಿಲ್ಲ ಎಂದು 368ನೇ ವಿಧಿಗೆ ಎರಡು ಖಂಡಗಳನ್ನು ಸೇರಿಸಿತು. ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ, 1980ರ ಜುಲೈ 31ರಂದು, ಆ ಎರಡೂ ಖಂಡಗಳು ಬಿದ್ದವು. ಅಲ್ಲಿ ಬಹುಮತದ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರೂ 1973ರ ಅಲ್ಪಮತದವರೇ ಆಗಿದ್ದರು. ಅವರ ವಾದವನ್ನು ನಮ್ಮೂರಿನ ಭಾಷೆಯಲ್ಲಿ ಹೇಳಬಹುದು. ಕಾಸರಗೋಡಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಗಲ್ಫಿನಲ್ಲಿರುವವರ ಮುಕ್ತ್ಯಾರುನಾಮೆಗಳನ್ನು ನೀವೂ ನೋಡಿರುತ್ತೀರಿ. ‘ನನ್ನ ತೋಟದ ಅಡಿಕೆ ಮಾರು, ತೀರ್ವೆ ಕಟ್ಟು, ಬೇಕಾದರೆ ಗುತ್ತಿಗೆಗೆ ಕೊಡು’ ಎಂದು ಒಬ್ಬ ಅಣ್ಣ ತಮ್ಮನಿಗೆ ಬರೆದುಕೊಡುತ್ತಾನೆ. ಆ ಪತ್ರದ ಕೆಳಗೆ ತಮ್ಮನೇ ಇನ್ನೊಂದು ಸಾಲು ಸೇರಿಸಿ, ‘ಇಂದಿನಿಂದ ನನ್ನ ಅಧಿಕಾರಕ್ಕೆ ಮಿತಿಯಿಲ್ಲ, ಅಣ್ಣ ಕೇಳುವ ಹಾಗಿಲ್ಲ’ ಎಂದು ಬರೆದುಕೊಂಡರೆ ಯಾವ ರಿಜಿಸ್ಟ್ರಾರೂ ಅದನ್ನು ಮಾನ್ಯ ಮಾಡುವುದಿಲ್ಲ. ಮಿತ ಅಧಿಕಾರ ಪಡೆದವನು ಆ ಅಧಿಕಾರವನ್ನೇ ಬಳಸಿ ಅದನ್ನು ಅಮಿತವಾಗಿ ಮಾಡಿಕೊಳ್ಳಲಾರ; ಅಧಿಕಾರ ಮಿತವಾಗಿರುವುದೇ ಮೂಲ ಸಂರಚನೆಯ ಒಂದು ಅಂಗ.

ಮೂಲ ಸಂರಚನೆಯಲ್ಲಿ ಏನೇನಿದೆ ಎಂದು ಪಟ್ಟಿ ಕೇಳುವವರು ಬಹಳ. ಸಂವಿಧಾನದ ಪರಮಾಧಿಕಾರ, ಪ್ರಜಾಪ್ರಭುತ್ವ, ಜಾತ್ಯತೀತತೆ, ಒಕ್ಕೂಟ ಸ್ವರೂಪ, ಅಧಿಕಾರಗಳ ಪ್ರತ್ಯೇಕತೆ, ನ್ಯಾಯಾಂಗದ ಸ್ವಾತಂತ್ರ್ಯ ಇವು ತೀರ್ಪುಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು. ಒಕ್ಕೂಟ ಮತ್ತು ಜಾತ್ಯತೀತತೆಗಳನ್ನು 1994ರ ಎಸ್.ಆರ್. ಬೊಮ್ಮಾಯಿ ತೀರ್ಪು ಗಟ್ಟಿಗೊಳಿಸಿತು. ಆದರೆ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನ ಕಡಿಮೆ. ನ್ಯಾಯಾಲಯ ಪ್ರತಿ ಸಲ ನೋಡುವುದು ಒಂದು ತಿದ್ದುಪಡಿಯ ಪರಿಣಾಮವನ್ನು: ಇದಾದ ಮೇಲೆ ಆ ಲಕ್ಷಣ ಉಳಿಯುತ್ತದೆಯೋ ಇಲ್ಲವೋ? ಹೀಗಾಗಿ ರದ್ದಾದ ತಿದ್ದುಪಡಿಗಳು ಕೆಲವೇ, ಉಳಿದವುಗಳೇ ಹೆಚ್ಚು. ನ್ಯಾಯಾಂಗ ನೇಮಕಾತಿ ಆಯೋಗದ 99ನೇ ತಿದ್ದುಪಡಿ 2015ರಲ್ಲಿ ಬಿತ್ತು, ಆರ್ಥಿಕವಾಗಿ ದುರ್ಬಲರ ಮೀಸಲಾತಿಯ 103ನೇ ತಿದ್ದುಪಡಿ 2022ರಲ್ಲಿ ಮೂವರು–ಇಬ್ಬರ ಬಹುಮತದಿಂದ ಉಳಿಯಿತು. ಇದರಲ್ಲಿ ನ್ಯಾಯಮೂರ್ತಿಗಳ ವಿವೇಚನೆಗೆ ಬಹಳ ಜಾಗವಿದೆ ಎಂಬ ಟೀಕೆಯನ್ನು ಅಲ್ಲಗಳೆಯಲಾರೆ. ಆದರೆ 39ನೇ ತಿದ್ದುಪಡಿಯಂಥದ್ದು ಮತ್ತೆ ಬಂದರೆ ಅದನ್ನು ತಡೆಯುವ ಬೇರೆ ಉಪಾಯವನ್ನು ಟೀಕಾಕಾರರು ತೋರಿಸಿದ್ದನ್ನು ನಾನು ಕಂಡಿಲ್ಲ.

ಇನ್ನು ನಮ್ಮ ವಿಷಯ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇದು ಸಂವಿಧಾನದ ತಿದ್ದುಪಡಿಗೆ ಬೇಕಾದ ವಿಶೇಷ ಬಹುಮತದಿಂದ ಆಗಬೇಕಾದ ಕೆಲಸವೇ ಆಗಿರಲಿಲ್ಲ. 3ನೇ ವಿಧಿಯಡಿ ಸಂಸತ್ತು ಸಾಮಾನ್ಯ ಬಹುಮತದ ಕಾನೂನಿನಿಂದ ರಾಜ್ಯಗಳ ಗಡಿ ಬದಲಾಯಿಸಬಹುದು. ಮಸೂದೆಯನ್ನು ಸಂಬಂಧಿಸಿದ ರಾಜ್ಯದ ಶಾಸಕಾಂಗದ ಅಭಿಪ್ರಾಯಕ್ಕೆ ಕಳುಹಿಸಬೇಕು, ಆದರೆ ಆ ಅಭಿಪ್ರಾಯಕ್ಕೆ ಸಂಸತ್ತು ಕಟ್ಟುಬಿದ್ದಿಲ್ಲ. ಅಂಥ ಕಾನೂನನ್ನು 368ನೇ ವಿಧಿಯ ತಿದ್ದುಪಡಿಯೆಂದು ಎಣಿಸಬಾರದು ಎಂದು 4ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ದೇಶದ ನೆಲವನ್ನು ಪರದೇಶಕ್ಕೆ ಬಿಟ್ಟುಕೊಡಲು ತಿದ್ದುಪಡಿ ಬೇಕೆಂದು ಬೇರುಬಾರಿ ಪ್ರಕರಣದಲ್ಲಿ 1960ರಲ್ಲಿ ತೀರ್ಮಾನವಾಯಿತು. ಒಂದು ತಾಲೂಕನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸೇರಿಸಲು ಅದು ಬೇಡ. ನಮ್ಮ ಹಿರಿಯರನ್ನು ಅತ್ಯಂತ ನೋಯಿಸಿದ ಆ ಬದಲಾವಣೆಗೆ ಮೂಲ ಸಂರಚನೆಯ ಮೇರೆ ಅಡ್ಡ ಬರುವಂಥದ್ದಲ್ಲ. ಇದನ್ನು ಮುಚ್ಚಿಟ್ಟು ಪಾಠ ಮಾಡಬಾರದು.

ಆದರೆ ಅದೇ 1956ರ ನವೆಂಬರ್ 1ರಂದು ಇನ್ನೊಂದು ಕೆಲಸವೂ ಆಯಿತು. ಗಡಿ ಎಲ್ಲಿ ಎಳೆದರೂ ಆಚೆ ಈಚೆ ಭಾಷಾ ಅಲ್ಪಸಂಖ್ಯಾತರು ಉಳಿದೇ ಉಳಿಯುತ್ತಾರೆ ಎಂದರಿತು, ಏಳನೇ ತಿದ್ದುಪಡಿಯ ಮೂಲಕ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಲಾಯಿತು. ಮೊದಲನೆಯದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ. ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯ ಹುದ್ದೆಯನ್ನು ಸ್ಥಾಪಿಸುತ್ತದೆ. ತಿದ್ದುಪಡಿಯಿಂದ ಬಂದದ್ದು ತಿದ್ದುಪಡಿಯಿಂದ ಹೋಗಬಹುದೇ? ನನ್ನ ಅಭಿಪ್ರಾಯದಲ್ಲಿ ಇವೆರಡು ವಿಧಿಗಳನ್ನಷ್ಟೇ ತೆಗೆದುಹಾಕಿದರೆ ಅದನ್ನು ಮೂಲ ಸಂರಚನೆಯ ಭಂಗವೆಂದು ಸಾಧಿಸುವುದು ಕಷ್ಟ. ಇನ್ನೊಂದು ಸೂಕ್ಷ್ಮವೂ ಇದೆ: 350ಎ ಹೇಳುವುದು ಪ್ರಾಥಮಿಕ ಹಂತದ ಮಾತನ್ನು, ಪ್ರಶ್ನೆ ಕೇಳಿದ ಹುಡುಗಿ ಹತ್ತನೇ ತರಗತಿಯವಳು.

29 ಮತ್ತು 30ನೇ ವಿಧಿಗಳ ವಿಷಯ ಬೇರೆ. ತನ್ನದೇ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ಯಾವುದೇ ನಾಗರಿಕ ಸಮೂಹಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕು, ಧರ್ಮ ಅಥವಾ ಭಾಷೆಯ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕು ಇವು ಮೊದಲ ದಿನದಿಂದಲೂ ಮೂಲಭೂತ ಹಕ್ಕುಗಳ ಭಾಗದಲ್ಲಿವೆ. ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟು ನೋಡಬೇಕೆಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿದ್ದರಿಂದ, ಕೇರಳದಲ್ಲಿ ಕನ್ನಡಿಗರ ಸ್ಥಾನದ ಬಗ್ಗೆ ಸಂಶಯವಿಲ್ಲ. ಸ್ವಾಮೀಜಿಯವರು ಆಧರಿಸಿದ್ದ ಆಸ್ತಿಯ ಹಕ್ಕನ್ನು 1978ರ 44ನೇ ತಿದ್ದುಪಡಿ ಮೂಲಭೂತ ಹಕ್ಕುಗಳಿಂದಲೇ ತೆಗೆದುಹಾಕಿತಲ್ಲ, ಅದೇ ತಿದ್ದುಪಡಿ 30ನೇ ವಿಧಿಗೆ ಒಂದು ಉಪಖಂಡ ಸೇರಿಸಿತು: ಅಲ್ಪಸಂಖ್ಯಾತರ ಶಿಕ್ಷಣ ಸಂಸ್ಥೆಯ ಆಸ್ತಿಯನ್ನು ಸ್ವಾಧೀನಪಡಿಸಿಕೊಳ್ಳುವಾಗ, ಆ ಹಕ್ಕನ್ನು ಮೊಟಕುಗೊಳಿಸದಷ್ಟು ಪರಿಹಾರ ನಿಗದಿಯಾಗಬೇಕು. ಒಂದು ಹಕ್ಕನ್ನು ಕೆಳಗಿಳಿಸುವಾಗಲೂ ಸಂಸತ್ತು ಇನ್ನೊಂದಕ್ಕೆ ಬೇಲಿ ಹಾಕಿತು. ಮೂಲಭೂತ ಹಕ್ಕುಗಳು ಮೂಲ ಸಂರಚನೆಗೆ ಸೇರುವುದಿಲ್ಲವೆಂದು ತಾನು ಹೇಳಿರಲಿಲ್ಲ ಎಂದು ಖನ್ನಾ ಅವರು 1975ರಲ್ಲಿ ಸ್ಪಷ್ಟಪಡಿಸಿದ್ದಾರೆ. ಹಕ್ಕುಗಳ ಸಾರವನ್ನೇ ನಾಶಮಾಡುವ ತಿದ್ದುಪಡಿ ನಿಲ್ಲದು ಎಂಬುದನ್ನು 2007ರ ಐ.ಆರ್. ಕೊಯೆಲ್ಹೊ ತೀರ್ಪು ಇನ್ನಷ್ಟು ಬಲಪಡಿಸಿತು. ಆದ್ದರಿಂದ 29, 30ನೇ ವಿಧಿಗಳ ಒಂದೆರಡು ಪದಗಳನ್ನು ಹೊಂದಿಸುವ ತಿದ್ದುಪಡಿ ಉಳಿದೀತು, ಆದರೆ ಅವೆರಡನ್ನೂ ಪೂರ್ತಿಯಾಗಿ ಅಳಿಸುವ ತಿದ್ದುಪಡಿ ಉಳಿಯಲಾರದು ಎಂಬುದು ನನ್ನ ನಿಲುವು. ಏಕೆಂದರೆ ಅದು ಸಮಾನತೆಯನ್ನೂ ವ್ಯಕ್ತಿಸ್ವಾತಂತ್ರ್ಯವನ್ನೂ ಒಟ್ಟಿಗೇ ಕತ್ತರಿಸುತ್ತದೆ.

ಇಲ್ಲಿ ಒಂದು ತೀರ್ಪನ್ನು ನೆನಪಿಸಲೇಬೇಕು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕರ್ನಾಟಕ ಸರ್ಕಾರ ಕಡ್ಡಾಯಪಡಿಸುವಂತಿಲ್ಲ, ಮಾಧ್ಯಮದ ಆಯ್ಕೆ 19ನೇ ವಿಧಿಯ ವಾಕ್ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದಿತು. ಕನ್ನಡಾಭಿಮಾನಿಗಳಿಗೆ ಅಂದು ಬಹಳ ನೋವಾಯಿತು, ನನಗೂ ಆಯಿತು. ಆದರೆ ಚಂದ್ರಗಿರಿ ಹೊಳೆಯ ದಂಡೆಯಲ್ಲಿ ಕುಳಿತು ಅದೇ ತೀರ್ಪನ್ನು ಓದಿದರೆ ಅರ್ಥ ಬೇರೆಯಾಗುತ್ತದೆ. ಬಹುಸಂಖ್ಯಾತರ ಭಾಷೆಯ ಮಾಧ್ಯಮವನ್ನು ನಮ್ಮ ಮಗುವಿನ ಮೇಲೆ ಹೇರುವಂತಿಲ್ಲ ಎಂಬುದಕ್ಕೆ ಅದೇ ನಮ್ಮ ಕೈಯಲ್ಲಿರುವ ಗಟ್ಟಿ ಆಧಾರ. 350ಎ ಹೋದರೂ 19ನೇ ವಿಧಿ ಉಳಿಯುತ್ತದೆ, ಮತ್ತು ಸಮಾನತೆ, ಸ್ವಾತಂತ್ರ್ಯ, ಜೀವಿಸುವ ಹಕ್ಕುಗಳನ್ನು ಕೊಡುವ 14, 19, 21ನೇ ವಿಧಿಗಳ ಮೂಲಸತ್ವವನ್ನು ತೆಗೆದುಹಾಕುವ ತಿದ್ದುಪಡಿ ನಿಲ್ಲುವುದಿಲ್ಲ ಎಂಬುದು ಮಿನರ್ವ ಮಿಲ್ಸ್ ತೀರ್ಪಿನಿಂದ ಈಚೆಗೆ ಖಚಿತ.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ, ನಿಮ್ಮ ಪ್ರಶ್ನೆಗೆ ಅದೇ ಹೆಚ್ಚು ಹತ್ತಿರದ್ದು. ಕೇರಳ ವಿಧಾನಸಭೆಗೆ ಸಂವಿಧಾನವನ್ನು ತಿದ್ದುವ ಅಧಿಕಾರವಿಲ್ಲ. ಕಾಸರಗೋಡಿನಲ್ಲಿ ನಮಗೆ ಎದುರಾಗುವುದು ತಿದ್ದುಪಡಿಗಳಲ್ಲ; 2017ರ ಮಲಯಾಳ ಕಡ್ಡಾಯ ಕಲಿಕೆಯ ಕಾಯ್ದೆಯಂಥ ಸಾಮಾನ್ಯ ಕಾನೂನು, ಒಂದು ಸುತ್ತೋಲೆ, ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸುವ ಒಂದು ಆದೇಶ. ಇವುಗಳ ಎದುರು ‘ಮೂಲ ಸಂರಚನೆ’ ಎಂದು ವಾದಿಸಿದರೆ ಅರ್ಜಿ ನಿಲ್ಲುವುದಿಲ್ಲ. ಸಾಮಾನ್ಯ ಕಾಯ್ದೆಯನ್ನು ಬರೀ ಮೂಲ ಸಂರಚನೆಯ ಭಂಗವೆಂದು ರದ್ದುಪಡಿಸಲಾಗದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 5ರಂದು ಉತ್ತರ ಪ್ರದೇಶದ ಮದರಸಾ ಶಿಕ್ಷಣ ಕಾಯ್ದೆಯ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಲ್ಲಿ ತೋರಿಸಬೇಕಾದದ್ದು ಯಾವ ವಿಧಿ ಎಲ್ಲಿ ಮುರಿದಿದೆ ಎಂಬುದನ್ನು. ನಿಮ್ಮ ಶಾಲೆ ಕನ್ನಡಿಗರು ಸ್ಥಾಪಿಸಿದ ಅನುದಾನಿತ ಶಾಲೆಯೋ ಸರ್ಕಾರಿ ಶಾಲೆಯೋ ನೀವು ತಿಳಿಸಿಲ್ಲ. ಮೊದಲನೆಯದಾದರೆ ಆಡಳಿತ ಮಂಡಳಿಗೆ 30ನೇ ವಿಧಿಯ ರಕ್ಷಣೆ ಇದೆ. ಸರ್ಕಾರಿ ಶಾಲೆಗೆ ಆ ರಕ್ಷಣೆ ಇಲ್ಲ. ಅಲ್ಲಿ ಮಕ್ಕಳ ಪರವಾಗಿ 14, 19, 29ನೇ ವಿಧಿಗಳನ್ನು ಹಿಡಿಯಬೇಕು. ಈ ವ್ಯತ್ಯಾಸ ಗಮನಿಸದೆ ಮನವಿ ಬರೆದು ಸೋತವರನ್ನು ನಾನು ಕಂಡಿದ್ದೇನೆ.

ಹುಡುಗಿಗೆ ಹೀಗೆ ಹೇಳಿ: ನಿನ್ನ ಭಾಷೆಯ ಹಕ್ಕನ್ನು ಬೇರುಸಹಿತ ಕೀಳಲು ಸಂಸತ್ತಿಗೂ ಅಧಿಕಾರವಿಲ್ಲ ಎಂದು ವಾದಿಸಲು ನಮ್ಮಲ್ಲಿ ಬಲವಾದ ಆಧಾರವಿದೆ. ಆದರೆ ನಿನ್ನ ತರಗತಿಗೆ ಕನ್ನಡ ಬಲ್ಲ ಗಣಿತದ ಅಧ್ಯಾಪಕರು ಬೇಕಾದರೆ ಎರ್ನಾಕುಳದ ಹೈಕೋರ್ಟಿಗೆ 226ನೇ ವಿಧಿಯಡಿ ಅರ್ಜಿ ಹಾಕಬೇಕಾದೀತು. ಹೈಕೋರ್ಟಿನ ಆ ಅಧಿಕಾರವನ್ನು ತಿದ್ದುಪಡಿ ತಂದರೂ ಕಿತ್ತುಕೊಳ್ಳುವಂತಿಲ್ಲ, ಅದು ಮೂಲ ಸಂರಚನೆಯ ಭಾಗ ಎಂದು 1997ರಲ್ಲಿ ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ.